ಕಾರಿನ ಅಡಿಗೊಂದು ಮುಚ್ಚಳ

ಕಣ್ಣಿಗೆ ಕಾಣದ ಜಾಗವನ್ನೂ ತಿಕ್ಕಿ ತೊಳೆಯುವವರನ್ನು ಕಂಡರೆ ನನಗೆ ಗೌರವವಿದೆ; ಅವರ ಸಾಲಿಗೆ ಸೇರುವ ಆಸೆ ಮಾತ್ರ ಇಲ್ಲ. ಸ್ನಾನದಲ್ಲಿ ಬೆನ್ನಿಗೆ ಕೈ ಎಟುಕದಿದ್ದರೆ ಅದರ ಪಾಡಿಗೆ ಬಿಡುವ ಪೈಕಿ ನಾನು. ಇಂಥವನಿಗೆ ದೋಹಾದಲ್ಲಿ ಸಿಕ್ಕ ಕೆಲಸವಾದರೂ ಎಂಥದ್ದು? ತುಕ್ಕು ಹಿಡಿಯದಂತೆ ಪೈಪುಗಳಿಗೆ ಬಳಿಯುವ ಬಣ್ಣ ಮಾರುವುದು!

ಚಳಿಗಾಲ ಬಂತೆಂದರೆ ಶುಕ್ರವಾರ ನಾವು ಮನೆಯಲ್ಲಿ ನಿಲ್ಲುವವರಲ್ಲ. ಕಡಲಂಚಿನ ಉಪ್ಪುನೆಲದ ಮೇಲೆ ಕಾರು ಓಡಿಸಿ, ಕೋಳಿ ಸುಟ್ಟು ತಿಂದು ಬರುವುದು. ಮರಳಿದ ಕೂಡಲೇ ಹೆಂಡತಿ ಸುಜಾತಾ, "ಕಾರಿನ ಕೆಳಗೆ ಸ್ವಲ್ಪ ನೀರು ಬಿಡಿ ಮಾರಾಯ್ರೆ, ಉಪ್ಪು ಕೂತಿರ್ತದೆ" ಎನ್ನುವಳು. ಕಡಲ ಬದಿಯಲ್ಲೇ ಹುಟ್ಟಿದವನಿಗೆ ಉಪ್ಪಿನ ಪಾಠವೇ! ಅವಳ ಬಾಯಿ ಮುಚ್ಚಿಸಲೆಂದೇ ಕಾರಿನ ಅಡಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿದೆ. "ಖಲಾಸ್! ಇನ್ನು ಉಪ್ಪಿನ ಅಪ್ಪ ಬಂದರೂ ಒಳಗೆ ಹೋಗುವುದಿಲ್ಲ" ಎಂದೆ.

ಮೂರು ಚಳಿಗಾಲ ಕಳೆದವು. ಕಾರಿನ ವಾರ್ಷಿಕ ತಪಾಸಣೆಯ ದಿನ ಹತ್ತಿರ ಬಂತು. ಅದರಲ್ಲಿ ಫೇಲಾದರೆ ಕಾರು ರಸ್ತೆಗಿಳಿಯುವಂತಿಲ್ಲ. ಮೊದಲೇ ತೋರಿಸೋಣವೆಂದು ಪುತ್ತೂರು ಕಡೆಯ ಮೆಕ್ಯಾನಿಕ್ ಹಮೀದಾಕನ ಗ್ಯಾರೇಜಿಗೆ ಒಬ್ಬನೇ ಹೋದೆ. ಅವರು ಕಾರನ್ನು ಮೇಲೆತ್ತಿ ಕವರ್ ಬಿಚ್ಚಿದ್ದೇ ತಡ, ಒಂದು ಬುಟ್ಟಿ ಒದ್ದೆ ಮರಳು ದೊಪ್ಪನೆ ಬಿತ್ತು. ಅದರ ಹಿಂದೆಯೇ ಹಪ್ಪಳದಂಥ ತುಕ್ಕಿನ ಚಕ್ಕೆಗಳು.

"ಎಂತ ಸಾರ್, ಕಾರನ್ನು ಉಪ್ಪಿನಕಾಯಿ ಹಾಕಿದ್ದೀರಾ?"

"ಕವರ್ ಇತ್ತಲ್ಲ ಹಮೀದಾಕ!"

"ಅದು ಬಿಚ್ಚಿ ತೊಳೀಬೇಕು. ಇಲ್ಲದಿದ್ರೆ ಒಳಗೆ ಹೋದ ಉಪ್ಪು ಹೊರಗೆ ಬರುದು ಹೇಗೆ?"

ಎರಡು ದಿನ ವೆಲ್ಡಿಂಗ್ ನಡೆದು ಕಾರು ಹೇಗೋ ಪಾಸಾಯಿತು. ಸತ್ಯ ಹೇಳಿದ್ದರೆ ಜೀವಮಾನವಿಡೀ ಸುಜಾತಾಳ ಮುಂದೆ ತಲೆ ಎತ್ತುವಂತಿರಲಿಲ್ಲ. ಕವರನ್ನು ಮತ್ತೆ ಹಾಕಿಸಿಕೊಂಡು ಬಂದು, "ನೋಡು, ಕವರ್ ಇದ್ದದ್ದಕ್ಕೆ ಬಚಾವ್" ಎಂದೆ. ಅವಳು ಪಾಪ, ನಂಬಿದಳು. ನಂಬಿದ್ದಷ್ಟೇ ಅಲ್ಲ, ಇಲ್ಲೇ ದೋಹಾದ ಅಲ್ ಥುಮಾಮಾದಲ್ಲಿರುವ ತನ್ನ ತಮ್ಮ ಪ್ರಶಾಂತನಿಗೆ ಫೋನ್ ಮಾಡಿ, ಅವನ ಹೊಚ್ಚ ಹೊಸ ಕಾರಿಗೂ ಕವರ್ ಹಾಕಿಸಿಬಿಟ್ಟಳು. "ಭಾವ ಹೇಳಿದ್ಮೇಲೆ ಮುಗೀತು" ಎಂದನಂತೆ ಅವನು. ನನಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ಪ್ರಶಾಂತನೂ ತನ್ನ ಕಾರಿನಲ್ಲಿ ನಮ್ಮ ಜೊತೆ ಕಡಲಿಗೆ ಬರುತ್ತಾನೆ. ಪ್ರತಿ ಶುಕ್ರವಾರ ಸಂಜೆ, ಕಡಲಿನಿಂದ ಬಂದವನೇ ನಾನು ಅವನ ಕಾರಿನಡಿ ಅಂಗಾತ ಮಲಗಿ, ಕವರ್ ಬಿಚ್ಚಿ ಪೈಪು ಹಿಡಿಯುತ್ತೇನೆ. ಉಪ್ಪುನೀರು ಮೂಗಿಗೇ ಇಳಿಯುತ್ತದೆ. ಮೊನ್ನೆ ಸುಜಾತಾ ಪಕ್ಕದಲ್ಲಿ ನಿಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು:

"ನಮ್ಮ ಕಾರಿಗೆ ಒಂದು ಚೆಂಬು ನೀರು ಹಾಕಿದವರಲ್ಲ ನೀವು. ನನ್ನ ತವರಿನವರ ಮೇಲೆ ಇಷ್ಟು ಪ್ರೀತಿ ಉಂಟೂಂತ ಗೊತ್ತೇ ಇರ್ಲಿಲ್ಲ ಮಾರಾಯ್ರೆ!"