ಬೊರಿವಲಿಯಲ್ಲಿ ನನ್ನ ವಾಸ

ಆಫ್ರಿಕಾದ ಮೊಂಬಾಸಾ ಬಂದರಿನ ಕಚೇರಿಯಲ್ಲಿ ಆಯುಷ್ಯವೆಲ್ಲ ಕಾಗದ ಬರೆದು ನಿವೃತ್ತನಾದವನು ನಾನು. ಕಾಗದಪತ್ರದ ವಿಷಯದಲ್ಲಿ ಯಾರ ಸಲಹೆಯೂ ನನಗೆ ಬೇಕಾಗಿಲ್ಲವೆಂದು ನಂಬಿದ್ದೆ. ಹೀಗಾಗಿ, ಮುಂಬಯಿಗೆ ಬಂದು ನೆಲಸಿದ ಮೇಲೆ ಮೊಂಬಾಸಾ ಕಡೆಯ ಸರಕಾರದ ಪತ್ರವೊಂದು ಸಮುದ್ರ ದಾಟಿ ಬಂದಾಗ ಸ್ವಲ್ಪವೂ ಹೆದರಲಿಲ್ಲ. ಓದಿ, ಹೆಂಡತಿ ಗಿರಿಜೆಗೆ ಅರ್ಥ ಬಿಡಿಸಿ ಹೇಳಿದೆ.

"ನಾನು ಮುಂಬಯಿಯಲ್ಲೇ ವಾಸವಾಗಿದ್ದೇನೆ, ಇಲ್ಲೇ ತೆರಿಗೆ ಕೊಡುತ್ತೇನೆ ಅಂತ ಇಲ್ಲಿನ ತೆರಿಗೆ ಕಚೇರಿಯವರು ಬರೆದುಕೊಡಬೇಕು. ಕೊಟ್ಟರೆ ಅಲ್ಲಿ ಪಿಂಚಣಿಯಲ್ಲಿ ತೆರಿಗೆ ಹಿಡಿಯುವುದಿಲ್ಲ. ಕೊಡದಿದ್ದರೆ ಅಲ್ಲೂ ಹಿಡಿಯುತ್ತಾರೆ, ಇಲ್ಲೂ ಹಿಡಿಯುತ್ತಾರೆ."

"ಮತ್ತೆ ಉಳಿಯುವುದೇನು?"

"ನಾನು."

ಗಿರಿಜೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, "ಹಾಗಾದರೆ ಬೇಗ ಬರೆಸಿಕೊಂಡು ಬನ್ನಿ" ಎಂದಳು.

ತೊಡಕು ಒಂದೇ. ನಾವಿದ್ದದ್ದು ಮಾಟುಂಗದಲ್ಲಿ, ಅವಳ ತಮ್ಮ ಶ್ರೀಪತಿಯ ಮನೆಯ ಒಂದು ಕೋಣೆಯಲ್ಲಿ. ವಾಸಕ್ಕೆ ಸಾಕ್ಷಿಯಾಗಬೇಕಾದ ಬಾಡಿಗೆ ರಸೀದಿ ಅವನ ಹೆಸರಿನದು. ಒಳಗೆ ಇನ್ನೊಂದು ಸಂಸಾರ ಸೇರಿಕೊಂಡಿದೆಯೆಂದು ಬಿಲ್ಡಿಂಗ್ ಮಾಲೀಕನಿಗೆ ತಿಳಿದರೆ ಏನು ಗತಿಯೋ ಎಂದು ಅವನಿಗೆ ಸದಾ ನಡುಕ. "ಭಾವ, ನೀವು ಎಷ್ಟು ವರ್ಷ ಬೇಕಾದರೂ ಇರಿ. ಆದರೆ ಇದ್ದೀರಿ ಅಂತ ಯಾರಿಗೂ ಹೇಳಬೇಡಿ" ಎಂದಿದ್ದ.

ಇಂಥವರು ಏನು ಮಾಡಬೇಕೆಂದು ತೆರಿಗೆ ಕಚೇರಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಕೇಳುವುದು ನನ್ನ ಸ್ವಭಾವವಲ್ಲ. ನಾನು ಬೊರಿವಲಿಯಲ್ಲಿ ಒಂದು ಮನೆ ಹಿಡಿದೆ.

ಆಗ ಬೊರಿವಲಿಯೆಂದರೆ ಸ್ಟೇಶನ್ನಿನಿಂದ ನಾಲ್ಕು ಹೆಜ್ಜೆ ಇಟ್ಟರೆ ತಾಳೆಮರ, ಹುಲ್ಲು, ಅದರ ಹಿಂದೆ ಗುಡ್ಡ. ಚುನಿಲಾಲ್ ಎಂಬ ದಲ್ಲಾಳಿ ತೋರಿಸಿದ ಮನೆ ಎಲ್ಲಕ್ಕಿಂತ ಕೊನೆಯದು. ಹಂಚಿನ ಮಾಡು, ಮುಂದೆ ಜಗಲಿ, ನಡುವೆ ಹಾಲ್, ಮೇಲೆ ಅಟ್ಟ, ಹಿಂದೆಲ್ಲೋ ಅಡುಗೆಮನೆ. ಬಾಡಿಗೆ ಬಹಳ ಕಡಿಮೆ. ಯಾಕೆ ಕಡಿಮೆ ಎಂದೂ ನಾನು ಕೇಳಲಿಲ್ಲ.

"ನಾನು ಇಲ್ಲಿ ಇರುವುದಿಲ್ಲ, ಚುನಿಲಾಲ್. ರಸೀದಿ ಮಾತ್ರ ನನ್ನ ಹೆಸರಿಗೆ ಬೇಕು" ಎಂದೆ.

ಅವನು ಕ್ಷಣ ಹೊತ್ತು ನನ್ನ ಮುಖ ನೋಡಿ, "ಬಹುತ್ ಅಚ್ಛಾ, ಸೇಠ್" ಎಂದ. ಅವನ ಮುಖದಲ್ಲಿ ಮೂಡಿದ ಸಂತೋಷ ಏತರದ್ದೆಂದು ಆಗ ಹೊಳೆಯಲಿಲ್ಲ.

ಗಿರಿಜೆಗೆ ಈ ಏರ್ಪಾಡು ಹಿಡಿಸಲಿಲ್ಲ. "ಕಾಗದದ ಮೇಲೆ ವಾಸ ಮಾಡಿದರೆ ಪಿಂಚಣಿಯೂ ಕಾಗದದ ಮೇಲೇ ಬರುತ್ತದೆ" ಎಂದಳು. ಹೆಂಗಸರಿಗೆ ಆಡಳಿತ ತಿಳಿಯುವುದಿಲ್ಲವೆಂದು ಸುಮ್ಮನಾದೆ.

ಅರ್ಜಿ ಕೊಟ್ಟೆ. ಇನ್‌ಸ್ಪೆಕ್ಟರ್ ಹೇಳದೆ ಕೇಳದೆ ಬಂದು ಮನೆ ನೋಡುತ್ತಾರೆಂದು ತಿಳಿಯಿತು. ಆದ್ದರಿಂದ ಮನೆಯಲ್ಲಿ ವಾಸದ ಚಿಹ್ನೆಗಳನ್ನು ಉಂಟುಮಾಡುವ ಕಾರ್ಯವನ್ನು ಶಾಸ್ತ್ರೋಕ್ತವಾಗಿ ಕೈಗೊಂಡೆ. ಮಧ್ಯಾಹ್ನದ ನಿದ್ದೆ ಮುಗಿಸಿ ಮಾಟುಂಗ ರೋಡ್‌ನಲ್ಲಿ ಲೋಕಲ್ ರೈಲು ಹಿಡಿಯುತ್ತಿದ್ದೆ. ಬೊರಿವಲಿ ಮನೆಯ ಜಗಲಿಯ ಹಗ್ಗದ ಮೇಲೆ ಪಂಚೆ ಒಣಹಾಕುತ್ತಿದ್ದೆ. ಬಾಗಿಲ ಮುಂದೆ ಹಳೆಯ ಚಪ್ಪಲಿ ಇಡುತ್ತಿದ್ದೆ. ಹೊತ್ತು ಮುಳುಗಿದ ಕೂಡಲೆ ಹಾಲ್‌ನಲ್ಲಿ ಲಾಟೀನು ಹಚ್ಚಿ, ದಾರಿಯವರಿಗೆ ಕೇಳಿಸುವಂತೆ ಕೆಮ್ಮಿ, ಲೋಕಲ್ ಹಿಡಿದು ಮಾಟುಂಗಕ್ಕೆ ಊಟಕ್ಕೆ ಬರುತ್ತಿದ್ದೆ. ನೆರೆಯವರ ಜೊತೆ ಮಾತಾಡಿದರೆ ಪ್ರಶ್ನೆ ಕೇಳುತ್ತಾರೆಂದು ಯಾರನ್ನೂ ಮಾತಾಡಿಸಲಿಲ್ಲ. ಅವರೂ ನನ್ನನ್ನು ಮಾತಾಡಿಸಲಿಲ್ಲ. ಎದುರಿನ ತರಕಾರಿ ತೋಟದ ಹೆಂಗಸು ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕುತ್ತಿದ್ದಳು. ತಾಳೆಮರ ಹತ್ತುವವನು ನಾನು ಗೇಟು ದಾಟುವವರೆಗೆ ಮರದ ಮೇಲೇ ಕೂತಿರುತ್ತಿದ್ದ. ಪರದೇಶದಲ್ಲಿದ್ದು ಬಂದವನೆಂದು ಗೌರವ ಕೊಡುತ್ತಾರೆಂದುಕೊಂಡೆ.

ಮೊದಲು ಚಪ್ಪಲಿ ತಿರುಗಿತು.

ಒಳಗೆ ಮುಖಮಾಡಿ ಬಿಟ್ಟುಹೋದ ಚಪ್ಪಲಿ ಮರುದಿನ ಹೊರಗೆ ಮುಖಮಾಡಿ, ಒತ್ತಾಗಿ, ಯಾರೋ ಮೆಟ್ಟಿಕೊಂಡು ಹೊರಡಲು ಸಿದ್ಧವಾದ ಹಾಗೆ ನಿಂತಿತ್ತು. ನಾಯಿ ಎಳೆದಿರಬೇಕು ಎಂದುಕೊಂಡೆ. ಅದಾದ ಮೇಲೆ ಪಂಚೆ. ಹಗ್ಗದ ಮೇಲೆ ಬಿಟ್ಟದ್ದು ನೀಟಾಗಿ ಮಡಿಸಿ ಕುರ್ಚಿಯ ಮೇಲೆ ಕೂತಿತ್ತು. ಪಂಚೆ ಮಡಿಸುವ ನಾಯಿಯನ್ನು ನಾನು ಮೊಂಬಾಸಾದಲ್ಲೂ ಕಂಡಿರಲಿಲ್ಲ. ಇನ್ನೊಂದು ಸಂಜೆ ಲಾಟೀನಿನ ಗಾಜು ತಿಕ್ಕಿ ಥಳಥಳ ಹೊಳೆಯುತ್ತಿತ್ತು. ಮೂಲೆಯ ತಂಬಿಗೆಯಲ್ಲಿ ಹೊಸ ನೀರು. ಮುಟ್ಟಿ ನೋಡಿದೆ. ಆಗತಾನೆ ಸೇದಿದ ಬಾವಿನೀರಿನ ತಂಪು.

ಆ ಹೊತ್ತಿಗೆ ಅಟ್ಟದ ಮೇಲೆ ಯಾರೋ ನಡೆದರು. ನಿಧಾನವಾಗಿ, ಒಂದು ಕಾಲು ಎಳೆದ ಹಾಗೆ, ಈ ಗೋಡೆಯಿಂದ ಆ ಗೋಡೆಗೆ. ಅಲ್ಲಿ ಸ್ವಲ್ಪ ಹೊತ್ತು ನಿಂತರು. ಮತ್ತೆ ವಾಪಸು ಬಂದರು. ಸರಿಯಾಗಿ ನನ್ನ ತಲೆಯ ಮೇಲೆ ಬಂದು ನಿಂತರು. ನಾನು ಕೆಮ್ಮುವುದನ್ನು ಆ ದಿನ ರದ್ದುಮಾಡಿದೆ.

ಗಿರಿಜೆಗೆ ಹೇಳಿದರೆ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಪಂಚೆ ಮಡಿಸಿ, ಗಾಜು ತಿಕ್ಕಿ, ನೀರು ತುಂಬಿಡುತ್ತದೆಯೇ? ಅದನ್ನು ಇಲ್ಲಿಗೆ ಕರೆದುಕೊಂಡು ಬನ್ನಿ, ನನಗೆ ಸಹಾಯವಾಗುತ್ತದೆ."

ಪಿಂಚಣಿಯ ಪ್ರಶ್ನೆ, ಬಿಡುವ ಹಾಗಿಲ್ಲ. ಧೈರ್ಯಕ್ಕೆಂದು ಒಂದು ಹೊಸ ಕ್ರಮ ಹುಡುಕಿದೆ. ಸಂಸಾರ ಸಮೇತ ಇರುವವನ ಹಾಗೆ ಗಟ್ಟಿಯಾಗಿ ಮಾತಾಡುವುದು. ದಾರಿಯವರಿಗೆ ಗೃಹಸ್ಥನೆಂದು ತಿಳಿಯುತ್ತದೆ, ನನಗೂ ಜೊತೆಯಾಗುತ್ತದೆ. "ಗಿರಿಜಾ, ಸೆಕೆ ನೋಡು." "ಗಿರಿಜಾ, ಶ್ರೀಪತಿ ಬರುತ್ತೇನೆಂದಿದ್ದ." ಖಾಲಿ ಹಾಲ್‌ನಲ್ಲಿ ನನ್ನ ದನಿಯೇ ಗೋಡೆ ಮುಟ್ಟಿ ವಾಪಸು ಬರುತ್ತಿತ್ತು. ಉತ್ತರವಿಲ್ಲದ ಸಂಭಾಷಣೆ ನನಗೆ ಮಾಟುಂಗದಲ್ಲೂ ರೂಢಿಯಾದದ್ದರಿಂದ ಬಹಳ ಸಹಜವಾಗಿ ನಡೆಯಿತು.

ಒಂದು ಸಂಜೆ, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಕುರ್ಚಿಯಲ್ಲಿ ಕಾಲು ಚಾಚಿ, "ಗಿರಿಜಾ, ಒಂದು ಲೋಟ ಕಾಫಿ ಕೊಡು" ಎಂದೆ.

ಹಿಂದಿನ ಕತ್ತಲೆಯಿಂದ ಒಂದು ಹೆಣ್ಣು ದನಿ ಮೆತ್ತಗೆ ಹೇಳಿತು: "ಹಾಲಿಲ್ರೀ."

ನಾನು ಓಡಲಿಲ್ಲ. ಓಡುವುದೆಂದರೆ ಮೊದಲು ಏಳಬೇಕು, ಕಾಲು ಊರಬೇಕು. ಅದೆಲ್ಲ ನಡೆದದ್ದು ನನಗೆ ನೆನಪಿಲ್ಲ. ಗೇಟಿನ ಹತ್ತಿರ ತರಕಾರಿ ತೋಟದ ಹೆಂಗಸು ನನ್ನನ್ನು ಕಂಡು "ದೇವಾ" ಎಂದು ಕೂಗಿ ಬುಟ್ಟಿ ಬಿಟ್ಟು ಓಡಿದ್ದು, ಅವಳು ನನ್ನಿಂದ ಓಡುತ್ತಿದ್ದಾಳೆಂದು ತಿಳಿಯದೆ ನಾನು ರಕ್ಷಣೆಗಾಗಿ ಅವಳ ಹಿಂದೆಯೇ ಓಡಿದ್ದು, ಇಷ್ಟು ಮಾತ್ರ ನೆನಪಿದೆ.

ಮನೆಗೆ ಬಂದು ಕಂಬಳಿ ಹೊದ್ದು ಮಲಗಿದೆ. ಗಿರಿಜೆ ಹಣೆ ಮುಟ್ಟಿ ನೋಡಿ, "ಹಾಲಿಲ್ರೀ ಅಂದಿತೇ? ಹಾಗಾದರೆ ಧಾರವಾಡ ಕಡೆಯ ದೆವ್ವ. ಮರ್ಯಾದೆಯದ್ದು" ಎಂದಳು.

ಒಂದು ವಾರ ಬೊರಿವಲಿಯ ಕಡೆ ತಲೆ ಹಾಕಲಿಲ್ಲ. ಕೊನೆಗೆ, ಅರ್ಜಿಯ ಗತಿ ಏನಾಯಿತೆಂದು ಫೋರ್ಟ್ ಕಡೆಯ ತೆರಿಗೆ ಕಚೇರಿಗೆ ಹೋದೆ. ಇನ್‌ಸ್ಪೆಕ್ಟರ್ ಶಾಂತ ಸ್ವಭಾವದ ಮರಾಠಿ ಗೃಹಸ್ಥರು. ಕೈಮುಗಿದು, "ನಾನು ಐತಾಳ. ಬೊರಿವಲಿ" ಎಂದೆ.

ಅವರು ನನ್ನನ್ನು ದೀರ್ಘವಾಗಿ ನೋಡಿದರು. "ಯಾವ ಐತಾಳ?"

"ಮೊಂಬಾಸಾದಿಂದ ಬಂದ ಐತಾಳ."

"ಅವರನ್ನು ಮೊನ್ನೆ ಅವರ ಮನೆಯಲ್ಲೇ ನೋಡಿ ಬಂದೆನಲ್ಲ" ಎಂದರು. "ಎತ್ತರದ ಮನುಷ್ಯ. ಗಿರಿಜಾಬಾಯಿಯವರೂ ಇದ್ದರು. ಕಾಫಿ ಕೊಟ್ಟರು. ಹಾಲಿರಲಿಲ್ಲ. ನೀವು ಯಾರು?"

ಮೇಲೆ ಫ್ಯಾನ್ ತಿರುಗುತ್ತಿತ್ತು. ನನ್ನ ಬೆನ್ನಿಗೆ ಮಾತ್ರ ಬೇರೆ ಯಾವುದೋ ಗಾಳಿ ತಾಗಿತು. ನಾನು ಮಾಟುಂಗದಲ್ಲಿರುವಾಗ ಬೊರಿವಲಿಯಲ್ಲಿ ಇನ್ನೊಬ್ಬ ನಾನು, ನನಗಿಂತ ಎತ್ತರವಾಗಿ, ಇನ್ನೊಬ್ಬ ಗಿರಿಜೆಯ ಜೊತೆ ಸಂಸಾರ ಮಾಡುತ್ತಿದ್ದೇನೆ. ಸರಕಾರ ಅವನನ್ನೇ ಒಪ್ಪಿದೆ. "ಹೀಗೇ ಬಂದಿದ್ದೆ" ಎಂದು ಹೊರಗೆ ಬಂದೆ.

ಈ ಸಲ ಗಿರಿಜೆ ಅಕ್ಕಿ ಕೆಳಗಿಟ್ಟಳು. "ಇನ್ನೊಬ್ಬ ಗಿರಿಜೆಯೇ? ನಡೆಯಿರಿ."

ಮರುದಿನ ಸುಡುಬಿಸಿಲಿನಲ್ಲಿ ಇಬ್ಬರೂ ಬೊರಿವಲಿಗೆ ಹೋದೆವು. ನಾನು ಜಗಲಿಯಲ್ಲಿ ನಿಂತೆ. ಅವಳು ಹಾಲ್ ದಾಟಿ ನೆಟ್ಟಗೆ ಅಡುಗೆಮನೆಗೆ ಹೋದಳು. ಇಷ್ಟು ದಿನವೂ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅಡುಗೆಮನೆಗೆ ಹೋಗುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ನಡುಗುವ ದನಿಯೊಂದು ಕೇಳಿತು: "ಯಾರವ್ವಾ ನೀನು?"

"ನಾನು ಗಿರಿಜೆ."

ಒಳಗೆ ಹೋಗಿ ನೋಡಿದರೆ ಒಬ್ಬ ಮುದುಕಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿ ರಾಮರಾಮ ಎನ್ನುತ್ತಿದ್ದಾಳೆ. ಎತ್ತರದ ಮುದುಕರೊಬ್ಬರು ಗೋಡೆಗೆ ಅಂಟಿ ನಿಂತಿದ್ದಾರೆ. ಗಿರಿಜೆ ಮುದುಕಿಗೆ ನೀರು ಕುಡಿಸುತ್ತಿದ್ದಾಳೆ.

ಅವರು ಗುಂಡೂರಾಯರು, ಅಂಬಕ್ಕ. ಧಾರವಾಡ ಕಡೆಯವರು. ರಂಗೂನಿನ ಮರದ ಮಿಲ್ಲಿನಲ್ಲಿ ರಾಯರು ಗುಮಾಸ್ತರಾಗಿದ್ದರು. ಯುದ್ಧದಲ್ಲಿ ಮಿಲ್ಲೂ ಹೋಯಿತು, ಅದರ ಜೊತೆ ಪಿಂಚಣಿಯೂ ಹೋಯಿತು; ಇಬ್ಬರೂ ಕಾಡು ದಾಟಿ ನಡೆದು ಬಂದವರು. ನಾನು ಇರುವುದಿಲ್ಲವೆಂದ ಮನೆಯನ್ನು ಚುನಿಲಾಲ್ ಬಾಯಿಮಾತಿನಲ್ಲಿ ಇವರಿಗೂ ಬಾಡಿಗೆಗೆ ಕೊಟ್ಟಿದ್ದ.

"ನಾನು ಬಂದಾಗ ಒಂದು ದಿನವಾದರೂ ಎದುರಿಗೆ ಬರಬಾರದಿತ್ತೇ?" ಎಂದೆ.

ಗುಂಡೂರಾಯರು ಸಂಕೋಚದಿಂದ ಹೇಳಿದರು: "ದಲ್ಲಾಳಿ ಬ್ಯಾಡ ಅಂದಿದ್ದ್ರೀ. ಮನಿ ಮಾಲೀಕರು ಪಾಪ, ಹೇಂತಿ ಆಫ್ರಿಕಾದಾಗ ತೀರಿಕೊಂಡಾರ, ತಲಿ ಸ್ವಲ್ಪ ಸರಿ ಇಲ್ಲ, ಸಂಜಿಕೆ ಬಂದು ಕೂತು ಹೋಗ್ತಾರ, ಎದುರಿಗೆ ಹೋಗಬ್ಯಾಡ್ರಿ ಅಂದ. ನಮಗೂ ಖರೇ ಅನಿಸ್ತು. ನೀವು ದಿನಾ ಗಿರಿಜಾ ಗಿರಿಜಾ ಅಂತ ಒಬ್ಬರೇ ಮಾತಾಡ್ತಿದ್ರಿ."

ಅಂಬಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಕೇಳಿ ಕೇಳಿ ಕರುಳು ಚುರ್ ಅಂತಿತ್ತು. ಪಂಚೆ ಮಡಿಸಿ ಇಡ್ತಿದ್ದೆ. ಅವತ್ತು ಕಾಫಿ ಅಂದ್ರಿ, ತಡಿಲಾರದ ಬಾಯಿಗೆ ಬಂದುಬಿಡ್ತು."

ಗಿರಿಜೆ ನನ್ನ ಕಡೆ ತಿರುಗಿದಳು. ಅವಳ ಜೀವಮಾನದಲ್ಲಿ ಅವಳನ್ನು ಇಷ್ಟು ಪ್ರೀತಿಯಿಂದ ನಾನು ಕರೆದದ್ದು ಅವಳಿಲ್ಲದ ಮನೆಯಲ್ಲಿ ಎಂಬುದನ್ನು ಅವಳು ಗಮನಿಸಿದಳೆಂದು ಕಾಣುತ್ತದೆ.

"ಇನ್‌ಸ್ಪೆಕ್ಟರ್ ಬಂದಾಗ?" ಎಂದೆ.

"ಐತಾಳ ಅಂದ್ರು, ಹೌದು ಅಂದೆ" ಎಂದರು ರಾಯರು. "ಅಲ್ಲ ಅಂದಿದ್ರ ಈ ವಯಸ್ಸಿನಾಗ ಮತ್ತ ಎಲ್ಲಿಗೆ ನಡೀಬೇಕಿತ್ತ್ರೀ?"

ನನಗೆ ಸಿಟ್ಟು ಬರಲಿಲ್ಲ. ನಾನು ಬದುಕಿದ್ದೇನೆಯೇ, ಎಲ್ಲಿದ್ದೇನೆ ಎಂದು ಕೇಳುವುದಕ್ಕೆ ಸಮುದ್ರದಾಚೆ ಒಂದು ಸರಕಾರವಾದರೂ ಇತ್ತು. ರಾಯರನ್ನು ಕೇಳಿದವರು ಆ ಇನ್‌ಸ್ಪೆಕ್ಟರ್ ಒಬ್ಬರೇ. ಅದೂ ನನ್ನ ಹೆಸರಿನಿಂದ.

ಎಲ್ಲ ಬಗೆಹರಿದ ಸಮಾಧಾನದಲ್ಲಿ ನಕ್ಕು, "ಅಟ್ಟದ ಮೇಲೆ ಕಾಲೆಳೆದು ನಡೆದು ನನ್ನನ್ನು ಬಹಳ ಹೆದರಿಸಿದಿರಿ" ಎಂದೆ.

ಗುಂಡೂರಾಯರು ನಗಲಿಲ್ಲ. "ಅಟ್ಟಕ್ಕ ಏಣಿನೇ ಇಲ್ಲಲ್ರೀ. ಹಾಲ್‌ನಾಗ ನೀವು ನಡೀತೀರಿ ಅಂದ್ಕೊಂಡಿದ್ವಿ."

ನಾಲ್ವರೂ ಒಟ್ಟಿಗೆ ಮೇಲೆ ನೋಡಿದೆವು. ನಾಲ್ವರೂ ಒಟ್ಟಿಗೆ ಅಂಗಳಕ್ಕೆ ಬಂದೆವು. ಮಾತಿನ ಉಳಿದ ಭಾಗ ಬಾವಿಕಟ್ಟೆಯ ಮೇಲೆ ನಡೆಯಿತು. ಮನೆ ಬಿಡುತ್ತೀರಾ ಎಂದು ಕೇಳಿದೆ. ಅಂಬಕ್ಕ, "ಅದು ಸಂಜಿಮುಂದ ಅಷ್ಟೇ ನಡೀತದ. ನಾವು ರಂಗೂನಿಂದ ನಡದು ಬಂದವರು. ನಡಿಯೋರ ಅಂಜಿಕಿ ನಮಗಿಲ್ಲ" ಎಂದಳು. ರಸೀದಿಯನ್ನು ರಾಯರ ಹೆಸರಿಗೆ ಮಾಡಿಸಿಕೊಟ್ಟೆ. ಚುನಿಲಾಲ್ ಮರುಮಾತಾಡಲಿಲ್ಲ. ಆ ಮಾತುಕತೆಗೆ ನಾನು ಗಿರಿಜೆಯನ್ನು ಕಳಿಸಿದ್ದೆ.

ಇನ್ನು ಉಳಿದದ್ದು ನನ್ನ ವಾಸ. ಗುಂಡೂರಾಯರನ್ನೂ ಗಿರಿಜೆಯನ್ನೂ ಕರೆದುಕೊಂಡು ಹೋಗಿ ಇನ್‌ಸ್ಪೆಕ್ಟರ್ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ನಡುವೆ ಎರಡು ಸಲ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು.

"ನಿಜವಾಗಿ ನೀವಿರುವುದು ಎಲ್ಲಿ?"

"ಭಾವಮೈದುನನ ಮನೆಯಲ್ಲಿ. ಆದರೆ ಬಾಡಿಗೆ ರಸೀದಿ..."

"ರಸೀದಿ ಕೇಳಿದವರು ಯಾರು? ನಿಮ್ಮ ಭಾವಮೈದುನ ಒಂದು ಪತ್ರ ಬರೆದುಕೊಟ್ಟರೆ ಸಾಕು. ಅದು ಬಿಲ್ಡಿಂಗ್ ಮಾಲೀಕರ ಕೈಗೆ ಹೋಗುವುದಿಲ್ಲ. ಮೊದಲೇ ಬಂದು ಕೇಳಬಾರದಿತ್ತೇ?"

ಗಿರಿಜೆ ಕಿಟಕಿಯ ಕಡೆ ನೋಡಿದಳು. ಗುಂಡೂರಾಯರು ಸೌಜನ್ಯದಿಂದ ನೆಲ ನೋಡಿದರು.

ಶ್ರೀಪತಿ ಬಹಳ ಯೋಚಿಸಿ, ಸುಳ್ಳೊಂದೂ ಬರದ ಹಾಗೆ ಪತ್ರ ಬರೆದುಕೊಟ್ಟ. ಇನ್‌ಸ್ಪೆಕ್ಟರ್ ಅದಕ್ಕೆ ಮೊಹರು ಒತ್ತಿದರು. ಅದರ ನಕಲು ಮೊಂಬಾಸಾಕ್ಕೂ ಹೋಯಿತು, ಅಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದವರೆಲ್ಲ ಓದಿರಬೇಕು. ತೆರಿಗೆ ಹಿಡಿಯುವುದು ನಿಂತಿತು. ಪತ್ರದಲ್ಲಿ ಇದ್ದದ್ದು ಇಷ್ಟೇ:

"ಸದರಿ ಐತಾಳರು ನನ್ನ ಅಕ್ಕನ ಗಂಡ. ನನ್ನ ಮನೆಯಲ್ಲೇ ಉಣ್ಣುತ್ತಾರೆ, ನನ್ನ ಮನೆಯಲ್ಲೇ ಮಲಗುತ್ತಾರೆ. ಬೇರೆ ಯಾವ ಉದ್ಯೋಗವೂ ಇವರಿಗೆ ಇರುವುದಿಲ್ಲ."