ಬೇಡವೆಂದ ಬೆಹ್ರಂಗನ ಬೇಸಿಗೆ

ಬೆಹ್ರಂಗನಿಗೆ ಒದಗಿದ ಪಾಡಿಗೆಲ್ಲ ಕಾರಣ ಒಂದೇ. ಅವನ ತಾಯಿ ಅವನನ್ನು ಬಹಳ ಮರ್ಯಾದಸ್ಥನಾಗಿ ಬೆಳೆಸಿದ್ದಳು. ಇನ್ನೊಂದು ಸೌಟು ಅನ್ನ ಹಾಕಲೇ ಎಂದು ಯಾರಾದರೂ ಕೇಳಿದರೆ, ಹೊಟ್ಟೆ ‘ಹಾಕಿ’ ಎನ್ನುವ ಮೊದಲೇ ಬಾಯಿ ‘ಬೇಡ’ ಎಂದುಬಿಡುತ್ತಿತ್ತು.

ಕಬೂದ್‌ದಶ್ತ್ ಊರಿನಲ್ಲಿ ಇದೊಂದು ದೋಷವೇ ಅಲ್ಲ. ಅಲ್ಲಿ ಕೊಡುವವರು ‘ತಗೊಳ್ಳಿ’ ಎನ್ನಬೇಕು, ತೆಗೆದುಕೊಳ್ಳುವವರು ‘ಬೇಡ’ ಎನ್ನಬೇಕು. ಮೂರನೆಯ ಸಲ ರಟ್ಟೆ ಹಿಡಿದು ಒತ್ತಾಯಿಸಿದ ಮೇಲೆ ‘ನಿಮ್ಮ ಮಾತು ಹೇಗೆ ಮೀರಲಿ’ ಎಂದು ತಟ್ಟೆ ಮುಂದಕ್ಕೆ ಚಾಚಬೇಕು. ಈ ಉಪಚಾರಕ್ಕೆ ತಾರೋಫ್ ಎಂದು ಹೆಸರು. ‘ನೀವು ಮೊದಲು’, ‘ಛೆ ಛೆ, ನೀವು ಮೊದಲು’ ಎನ್ನುತ್ತ ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಅರ್ಧ ತರಗತಿ ನಿಂತು ಮೊದಲ ಪ್ರಶ್ನೆ ಕಳೆದುಕೊಂಡದ್ದೂ ಉಂಟು.

ಆ ಕಾಲದಲ್ಲಿ ಅಲ್ಲಿಯ ವಿಶ್ವವಿದ್ಯಾಲಯವೆಂದರೆ ಮರಳುಗಾಡಿನ ಅಂಚಿನಲ್ಲಿ ಎರಡು ಕಟ್ಟಡ, ಒಂದು ದಾಳಿಂಬೆ ತೋಟ, ಅಷ್ಟೆ. ವಿಶ್ವ ಎಲ್ಲಿದೆಯೆಂದು ಹುಡುಕಲು ಭೌತಶಾಸ್ತ್ರ ವಿಭಾಗದಲ್ಲಿ ಒಂದೇ ಒಂದು ದೂರದರ್ಶಕವಿತ್ತು. ಅದರ ಗಾಜಿಗೆ ಬೂಷ್ಟು ಹಿಡಿದು, ಚಂದ್ರ ಸೀದುಹೋದ ಆಮ್ಲೆಟ್ಟಿನ ಹಾಗೆ ಕಾಣುತ್ತಿದ್ದ. ಆದರೂ ಹುಡುಗರು ಹಾಸ್ಟೆಲ್ಲಿನ ಚಾವಣಿಯ ಮೇಲೆ ಕಂಬಳಿ ಹೊದ್ದು, ಸೂರ್ಯಕಾಂತಿ ಬೀಜ ಉಗುಳುತ್ತ, ಸರದಿಯ ಮೇಲೆ ಆ ಆಮ್ಲೆಟ್ಟನ್ನೇ ನೋಡಿ ಧನ್ಯರಾಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದವನು ಬೆಹ್ರಂಗ್.

ಆ ವರ್ಷ ಉಸ್ತಾದ್ ಫರ್‌ಜಾಮ್ ಜರ್ಮನಿಯಲ್ಲಿ ಅರ್ಧ ಆಯುಷ್ಯ ಕಳೆದು ತವರಿಗೆ ಮರಳಿ ಪಾಠಕ್ಕೆ ಬಂದಿದ್ದರು. ಅಲ್ಲಿದ್ದೂ ಇದ್ದೂ ಅವರಿಗೆ ‘ಹೌದು’ ಎಂದರೆ ಹೌದು, ‘ಇಲ್ಲ’ ಎಂದರೆ ಇಲ್ಲ ಎಂಬ ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ಟ್ಯಾಕ್ಸಿಯವನು “ಅಯ್ಯೋ, ನಿಮ್ಮತ್ರ ಏನು ತಗೊಳ್ಳೋದು ಸ್ವಾಮಿ, ಬಿಡಿ” ಎಂದರೆ, “ಬಹಳ ಉಪಕಾರ ಆಯ್ತು” ಎಂದು ಕೈಕುಲುಕಿ ಇಳಿದು ಹೋಗುತ್ತಿದ್ದರು. ತಿಂಗಳೊಳಗೆ ಊರಿನ ಟ್ಯಾಕ್ಸಿಗಳೆಲ್ಲ ಅವರನ್ನು ಕಂಡರೆ ಗಲ್ಲಿ ಬದಲಿಸತೊಡಗಿದವು.

ಬೇಸಿಗೆ ರಜೆ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ, ತರಗತಿ ಮುಗಿದ ಮೇಲೆ ಅವರು ಬೆಹ್ರಂಗನನ್ನು ಕರೆದರು.

“ನೋಡಪ್ಪಾ, ಬೆಟ್ಟದ ಮೇಲಿನ ದೊಡ್ಡ ವೀಕ್ಷಣಾಲಯ ಇದೆಯಲ್ಲ, ಅಲ್ಲಿ ಬೇಸಿಗೆ ಪೂರ್ತಿ ಕೆಲಸ ಕಲಿಯೋಕೆ ಒಬ್ಬ ಹುಡುಗನ್ನ ಕಳಿಸಬಹುದು. ನೀನು ಹೋಗ್ತೀಯಾ?”

ಬೆಹ್ರಂಗನ ಎದೆಯಲ್ಲಿ ಧೂಮಕೇತುವೊಂದು ಬಾಲ ಬಿಚ್ಚಿತು. ಹೋಗದಿದ್ದರೆ ಬೇಸಿಗೆಯೆಲ್ಲ ಸೋದರಮಾವನ ಕಾಲುಚೀಲದ ಅಂಗಡಿಯೇ ಗತಿ. ಆದರೆ ಬಾಯಿ ಅಮ್ಮನದಾಗಿತ್ತು.

“ಛೆ, ನಾನ್ಯಾವ ದೊಡ್ಡವನು ಉಸ್ತಾದ್. ನಮ್ಮ ಇರಜ್ ಇದಾನೆ, ನನಗಿಂತ ಯೋಗ್ಯ. ಅವನನ್ನೇ ಕಳಿಸಿ.”

“ಸರಿ ಹಾಗಾದ್ರೆ” ಎಂದು ಉಸ್ತಾದರು ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಎರಡನೆಯ ಒತ್ತಾಯಕ್ಕೆಂದು ವಿನಯದಿಂದ ತಗ್ಗಿಸಿದ ತಲೆಯನ್ನು ಬೆಹ್ರಂಗ್ ಮೇಲೆತ್ತಿದಾಗ ಎದುರಿಗೆ ಕರಿಹಲಗೆ ಮಾತ್ರ ಇತ್ತು.

ಒಂದೇ ಭರವಸೆಯೆಂದರೆ ಇರಜ್. ಅವನೂ ಮರ್ಯಾದಸ್ಥರ ಮನೆಯವನೇ. ಉಸ್ತಾದರಿಂದ ಸುದ್ದಿ ಕೇಳಿ ಊಟದ ಮನೆಯಲ್ಲಿ ಸಿಕ್ಕ ಅವನು ಬೆಹ್ರಂಗನನ್ನು ತಬ್ಬಿಕೊಂಡು, “ಬೆಹ್ರಂಗ್ ಜಾನ್, ನನ್ನ ಪ್ರಾಣವೇ, ಇದು ನಿನ್ನ ಜಾಗ ಕಣೋ. ನೀನಿರುವಾಗ ನಾನು ಹೋಗೋದುಂಟಾ? ನೀನೇ ಹೋಗು” ಎಂದ.

“ಖಂಡಿತ ಆಗಲ್ಲ! ನನ್ನಾಣೆ, ನೀನೇ ಹೋಗಬೇಕು!” ಎಂದಿತು ಬೆಹ್ರಂಗನ ಬಾಯಿ. ಹಲ್ಲು ಕಚ್ಚಿ ತಡೆಯುವಷ್ಟರಲ್ಲಿ ಮಾತು ಹಲ್ಲಿನಾಚೆ ಹೋಗಿತ್ತು.

ಕೋಣೆಯ ಗೆಳೆಯ ಖೊಸ್ರೋ ಈ ಕಥೆ ಕೇಳಿ ಮಂಚದಿಂದ ಉರುಳಿ ಬಿದ್ದು ನಕ್ಕ. ಉಸ್ತಾದರ ದನಿ, ಕೆಮ್ಮು, ಕನ್ನಡಕ ಏರಿಸುವ ರೀತಿ ಎಲ್ಲವನ್ನೂ ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ಅವನು. “ನಿನ್ನ ರೋಗಕ್ಕೆ ತಾಲೀಮೇ ಮದ್ದು. ನಾನೇ ಉಸ್ತಾದ್ ಅಂದ್ಕೋ” ಎಂದು ಮೂಗಿನ ತುದಿಯಲ್ಲಿ ಕನ್ನಡಕವಿಟ್ಟು ಕೆಮ್ಮಿದ. “ನೋಡಪ್ಪಾ, ಹೋಗ್ತೀಯಾ?”

“ನಾನ್ಯಾವ ದೊಡ್ಡವನು ಉಸ್ತಾ...”

“ತೂ! ಕಾಲುಚೀಲ ಮಾರು ಹೋಗು! ಇನ್ನೊಂದ್ಸಲ. ಹೋಗ್ತೀಯಾ?”

“ಬೇ... ಬೇ...”

“ಕುರಿ ಹಾಗೆ ಅರಚಬೇಡ. ಪೂರ್ತಿ ಹೇಳು.”

ಅಕ್ಕಪಕ್ಕದ ಕೋಣೆಗಳವರೂ ಬಂದು ಸೇರಿದರು. ಒಬ್ಬ ಬೆನ್ನಿಗೆ ಗುದ್ದಿದರೆ ಮಾತು ಸಲೀಸಾಗಿ ಬರುತ್ತದೆಂದು ಗುದ್ದಿದ. ಇನ್ನೊಬ್ಬ ಕೇಸರಿ ಕಷಾಯ ಕುಡಿಸಿದ. ಸಂಜೆಯ ಹೊತ್ತಿಗೆ ಬೆಹ್ರಂಗ್ ಯಾರು ಏನು ಕೇಳಿದರೂ ‘ಬೇಕು’ ಎನ್ನುವ ಗಿಣಿಯಾಗಿದ್ದ. ಹಾಗೇ ತಳ್ಳಿಕೊಂಡು ಹೋಗಿ ಉಸ್ತಾದರ ಮನೆಯ ಬಾಗಿಲಲ್ಲಿ ಬಿಟ್ಟು ಎಲ್ಲರೂ ದಾಳಿಂಬೆ ಗಿಡದ ಹಿಂದೆ ಅಡಗಿದರು.

ಬಾಗಿಲು ತೆರೆಯಿತು. “ಬಾರಪ್ಪಾ, ಚಹಾ...”

“ಬೇಕು!” ಎಂದು ಕಿರುಚಿದ ಬೆಹ್ರಂಗ್. “ನನಗೇ ಬೇಕು! ಬೇರೆ ಯಾರಿಗೂ ಕೊಡಬೇಡಿ!”

ಉಸ್ತಾದರು ಬೆಚ್ಚಿ ಇಡೀ ಚಹಾ ಪಾತ್ರೆಯನ್ನೇ ಅವನ ಮುಂದಿಟ್ಟರು.

“ಚಹಾ ಅಲ್ಲ ಉಸ್ತಾದ್, ವೀಕ್ಷಣಾಲಯ.”

ಉಸ್ತಾದರ ಮುಖ ಅರಳಿತು. “ನಿನ್ನನ್ನೇ ಕರೆಸೋಣ ಅಂತಿದ್ದೆ. ಇರಜ್ ಬಂದು ತಾನೂ ಒಲ್ಲೆ ಅಂದ. ನನಗೆ ತಲೆ ಕೆಟ್ಟು ವಿಭಾಗದ ಮುಖ್ಯಸ್ಥರನ್ನ ಕೇಳಿದೆ. ಅವರು ಚೆನ್ನಾಗಿ ಬೈದರು. ‘ಇಲ್ಲಿ ಹುಡುಗರು ಬೇಡ ಅಂದ್ರೆ ನಂಬಬೇಡ ಮಾರಾಯ, ಮೂರು ಸಲ ಬಿಡದೆ ಒತ್ತಾಯ ಮಾಡು’ ಅಂದ್ರು. ನನ್ನದೇ ತಪ್ಪು. ಜಾಗ ನಿನ್ನದು. ಈಗಲೇ ನಿರ್ದೇಶಕರಿಗೆ ಫೋನ್ ಮಾಡ್ತೀನಿ.”

ದಾಳಿಂಬೆ ಗಿಡ ಸಂತೋಷದಿಂದ ಅಲುಗಾಡಿತು.

ಆಗಿನ ಫೋನು. ಬೆಟ್ಟದ ಮೇಲಿನಿಂದ ನಿರ್ದೇಶಕ ಸಾಲಾರಿ ಕೂಗಿದ್ದು ಕೋಣೆಗೆಲ್ಲ ಕೇಳುತ್ತಿತ್ತು.

“ಹುಡುಗನ್ನಾ? ಇಲ್ಲಿಗಾ? ಓಹೋಹೋ... ಕಳಿಸಿ, ಕಳಿಸಿ! ಅವನ ಪಾದ ನನ್ನ ಕಣ್ಣ ಮೇಲೆ! ಏನೋ, ಗುಮ್ಮಟದ ಬಾಗಿಲು ತುಕ್ಕು ಹಿಡಿದು ತೆರೀತಿಲ್ಲ. ಕೆಲಸದವರೆಲ್ಲ ರಜೆ. ಮನೇಲಿ ಅತ್ತೆ ಬೇರೆ ಬಂದಿದಾರೆ. ಆದ್ರೇನು, ನನ್ನ ಮನೆ ನಿಮ್ಮ ಮನೆ ಅಲ್ವಾ?”

ಬೆಹ್ರಂಗ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಈ ಉಪಚಾರದ ದನಿ ಅವನಿಗೆ ಹುಟ್ಟಿದಾರಭ್ಯ ಪರಿಚಯ.

“ಉಸ್ತಾದ್, ಈ ಅವಕಾಶ ಮೊದಲು ಹೇಗೆ ಬಂತು?”

“ಹೇಗೆ ಅಂದ್ರೆ? ಒಂದು ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತಿದ್ರು. ‘ನಮ್ಮ ವೀಕ್ಷಣಾಲಯ ನಿಮ್ಮದೇ, ಯಾವ ಹುಡುಗನ್ನ ಬೇಕಾದ್ರೂ ಕಳಿಸಿ’ ಅಂದ್ರು. ಎಂಥಾ ಧಾರಾಳ ಮನುಷ್ಯ!”

ಆ ಜಾಗ ಎಂದೂ ಇರಲೇ ಇಲ್ಲ. ಒಬ್ಬ ಮರ್ಯಾದಸ್ಥ ಉಣ್ಣುತ್ತ ಆಡಿದ ಉಪಚಾರದ ಮಾತಿಗಾಗಿ ಇಷ್ಟು ಜನ ಮರ್ಯಾದಸ್ಥರು ಬೆಳಗಿನಿಂದ ಬೆನ್ನು ಗುದ್ದಿಸಿಕೊಂಡಿದ್ದರು.

“ಉಸ್ತಾದ್, ನಾನು ಹೋಗಲ್ಲ. ಬೇಡ” ಎಂದ ಬೆಹ್ರಂಗ್. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಹೊಟ್ಟೆಯೂ ಬಾಯಿಯೂ ಒಟ್ಟಿಗೆ ‘ಬೇಡ’ ಎಂದಿದ್ದವು.

ಉಸ್ತಾದರು ಕಣ್ಣು ಮಿಟುಕಿಸಿದರು. “ಹೋಗು.”

“ನಿಜವಾಗ್ಲೂ ಬೇಡ ಉಸ್ತಾದ್.”

“ಹೋಗಪ್ಪಾ.”

“ಕಾಲಿಗೆ ಬೀಳ್ತೀನಿ, ಬೇಡ!”

“ಮೂರಾಯ್ತು!” ಎಂದು ಉಸ್ತಾದರು ಚಪ್ಪಾಳೆ ತಟ್ಟಿ ಅವನ ರಟ್ಟೆ ಹಿಡಿದರು. “ಬೆಳಿಗ್ಗೆ ಮೋಸ ಹೋದೆ, ಈಗ ಹೋಗಲ್ಲ. ನಾಳಿನ ಬಸ್ಸಿಗೆ ನಾನೇ ಹತ್ತಿಸ್ತೀನಿ!” ಹತ್ತಿಸಿಯೂ ಬಿಟ್ಟರು, ಪಾಪ.

ಆ ಬೇಸಿಗೆಯಲ್ಲಿ ಬೆಹ್ರಂಗ್ ಬೆಟ್ಟದ ಮೇಲೆ ಸಾಲಾರಿಯವರ ಅತ್ತೆಗೆ ಈರುಳ್ಳಿ ಹೆಚ್ಚಿಕೊಟ್ಟ, ಅಂಗಳದ ಬೇಲಿಗೆ ಬಣ್ಣ ಬಳಿದ. ನಕ್ಷತ್ರ ಕಂಡದ್ದು ತುಕ್ಕು ಹಿಡಿದ ಬಾಗಿಲಿಗೆ ಹಣೆ ಬಡಿದಾಗ ಮಾತ್ರ. ವಾರ ಕಳೆದ ಮೇಲೆ, ಇನ್ನು ತಡೆಯಲಾರದೆ, ಸಾಲಾರಿ ಉಸ್ತಾದರಿಗೆ ಫೋನ್ ಮಾಡಿದರು. ಹುಡುಗನನ್ನು ವಾಪಸು ಕರೆಸಿಕೊಳ್ಳಿ ಎಂದು ನೇರವಾಗಿ ಹೇಳದಂತೆ ಬೆಳೆಸಿದ ಒಬ್ಬ ತಾಯಿ ಅವರಿಗೂ ಇದ್ದಳಲ್ಲ.

“ಹುಡುಗ ಅಪ್ಪಟ ಚಿನ್ನ. ಊರು, ಗೆಳೆಯರು ಎಲ್ಲಾ ನೆನಪಾಗ್ತಿರಬೇಕು ಪಾಪ, ಸೊರಗಿದಾನೆ” ಎಂದು ಮೆಲ್ಲನೆ ಶುರು ಮಾಡಿದರು.

ಗೆಳೆಯರು ನೆನಪಾದರೆ ಗೆಳೆಯರನ್ನೇ ಕಳಿಸಿದರಾಯಿತೆಂದು ಉಸ್ತಾದರು ಹತ್ತಿಸಿದ ಮರುದಿನದ ಬಸ್ಸಿನಿಂದ ಇರಜ್ ಮತ್ತು ಖೊಸ್ರೋ ಹಾಸಿಗೆ ಸುತ್ತಿಕೊಂಡು ಇಳಿದರು.

“ಬನ್ನಿ, ಬನ್ನಿ, ನಿಮ್ಮ ಪಾದ ನನ್ನ ಕಣ್ಣ ಮೇಲೆ” ಎಂದರು ಬಾಗಿಲಲ್ಲಿ ನಿಂತ ಸಾಲಾರಿ. ಬೆಹ್ರಂಗನದೂ ಸೇರಿ ಆರೂ ಪಾದಗಳು ನಿಜವಾಗಿ ಅಲ್ಲೇ ಊರಿದ್ದವೋ ಎಂಬಂತೆ ಅವರ ಕಣ್ಣು ತುಂಬಿ ಬಂದಿತ್ತು.