ಇನ್ನೂರು ಮೀಟರ್ ದೂರದಿಂದ ಕಾಣುವ ದಕ್ಷಿಣಾಮೂರ್ತಿ

"ಒಂದು ಸೈಕಲ್ ಲೈಟ್ ಕೊಳ್ಳೋದನ್ನ ನನಗೆ ಹೇಳಿಕೊಡ್ತೀಯಾ?" ಎಂದು ದಕ್ಷಿಣಾಮೂರ್ತಿಯವರು ಕೇಳಿದಾಗ, ಹುರುಳಿಕಾಯಿ ನಾರು ತೆಗೆಯುತ್ತಿದ್ದ ಹೈಮಾವತಿ ತಲೆ ಎತ್ತಲಿಲ್ಲ. "ಇಪ್ಪತ್ತೆರಡು ವರ್ಷದಿಂದ ಕ್ರೇನ್ ಕೊಂಡಿದೀನಿ, ಕನ್ವೇಯರ್ ಬೆಲ್ಟ್ ಕೊಂಡಿದೀನಿ. ಒಂದೇ ಒಂದು ಆಡಿಟ್ ಆಕ್ಷೇಪಣೆ ಬಂದಿಲ್ಲ. ನೋಡ್ತಾ ಇರು, ಇಡೀ ವಿಶಾಖಪಟ್ಟಣದಲ್ಲಿ ಇಲ್ಲಿವರೆಗೆ ಯಾರೂ ಕೊಂಡಿರಬಾರದು, ಅಂಥ ಲೈಟನ್ನ ಅಂಥ ಬೆಲೆಗೆ ತರ್ತೀನಿ."

ಅವರು ಜೀವನದಲ್ಲಿ ಕೊಚ್ಚಿಕೊಂಡ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಇದೊಂದೇ. ಅಂಥ ಲೈಟನ್ನು ನಿಜಕ್ಕೂ ಯಾರೂ ಕೊಂಡಿರಲಿಲ್ಲ.

ದಕ್ಷಿಣಾಮೂರ್ತಿಯವರು ತಿಪಟೂರಿನವರು. ಸರ್ಕಾರಿ ಕಾರ್ಖಾನೆಯೊಂದರ ಖರೀದಿ ವಿಭಾಗದ ಹಿರಿಯ ಅಧಿಕಾರಿ. ಬೇರೆ ಗಂಡಸರು ಅಂಗಡಿಗೆ ಹೋಗಿ ಸಾಮಾನು ತರುತ್ತಾರೆ. ಇವರು ಸಾಮಾನನ್ನು 'ಖರೀದಿ ಪ್ರಕ್ರಿಯೆಗೆ ಒಳಪಡಿಸುತ್ತಾರೆ'. ಮನೆಗೆ ಇಡ್ಲಿ ಪಾತ್ರೆ ಬೇಕೆಂದರೂ ಮೂರು ಅಂಗಡಿಯಿಂದ ಕೊಟೇಶನ್ ಬರಬೇಕು, ಅಡ್ಡಗೆರೆ ಉದ್ದಗೆರೆ ಎಳೆದು ತುಲನಾ ಪಟ್ಟಿ ಆಗಬೇಕು, ಕಡಿಮೆ ಬೆಲೆ ಹೇಳಿದವನು 'ಎಲ್-ಒನ್' ಎಂದು ಘೋಷಣೆಯಾಗಬೇಕು. ಆ ಇಡ್ಲಿ ಪಾತ್ರೆ ಬರುವಷ್ಟರಲ್ಲಿ ನೆನೆಹಾಕಿದ ಉದ್ದು ಮೊಳಕೆ ಬಿಟ್ಟಿತ್ತು ಎಂಬುದು ಹೈಮಾವತಿಯ ದೂರು. ಮೊಳಕೆ ಕಾಳು ಆರೋಗ್ಯಕ್ಕೆ ಒಳ್ಳೆಯದು ಎಂಬುದು ಅಧಿಕಾರಿಗಳ ಉತ್ತರ.

ಈ ಸಲ ಬೇಕಾಗಿದ್ದದ್ದು ಮಗಳ ಸೈಕಲ್ಲಿಗೆ ಲೈಟು. 2005ರ ಡಿಸೆಂಬರ್. ಶ್ರಾವ್ಯಾಗೆ ಹದಿನಾರು ವರ್ಷ. ಎಂವಿಪಿ ಕಾಲೋನಿಯ ಕೋಚಿಂಗ್ ಸೆಂಟರಿನಲ್ಲಿ ಬೆಳಗಿನ ಐದೂವರೆಗೆ ಕೆಮಿಸ್ಟ್ರಿ ಕ್ಲಾಸು. ಇವರ ಕ್ವಾರ್ಟರ್ಸಿಗೂ ಕಾಲೋನಿಗೂ ನಡುವೆ ಒಂದೂವರೆ ಮೈಲಿ ಹೊಸ ಲೇಔಟು; ರಸ್ತೆಯಿದೆ, ಸಾಲಾಗಿ ಕಂಬಗಳಿವೆ, ಕಂಬದ ಮೇಲೆ ದೀಪ ಮಾತ್ರ ಇಲ್ಲ. ದೀಪದ ಟೆಂಡರು ನಾಲ್ಕು ವರ್ಷದಿಂದ ನಡೆಯುತ್ತಿದೆಯೆಂದು ಜನ ಬೈದುಕೊಂಡು ಓಡಾಡುತ್ತಿದ್ದರು. ಆ ವಿಷಯ ಬಂದಾಗ ದಕ್ಷಿಣಾಮೂರ್ತಿಯವರು ಮಾತ್ರ ಗೌರವದಿಂದ ತಲೆದೂಗುತ್ತಿದ್ದರು.

"ಲೈಟಿಲ್ಲದೆ ನೀನು ಆ ರಸ್ತೇಲಿ ಸೈಕಲ್ ತುಳಿಯೋ ಹಾಗಿಲ್ಲ," ಎಂದರು ಮಗಳಿಗೆ. "ಲೈಟ್ ಬರೋವರೆಗೆ ನಾನು ಸ್ಕೂಟರಿನಲ್ಲಿ ಹಿಂದೆ ಬಂದು ಬೆಳಕು ಬಿಡ್ತೀನಿ. ಇದು ತಾತ್ಕಾಲಿಕ ವ್ಯವಸ್ಥೆ."

ಈ ತಾತ್ಕಾಲಿಕ ವ್ಯವಸ್ಥೆಯ ಅಂದಚೆಂದ ಕೇಳಿ. ಮುಂದೆ ಸೈಕಲ್ ಮೇಲೆ ಶ್ರಾವ್ಯಾ. ಹಿಂದೆ ಮಂಕಿಕ್ಯಾಪು, ಅದರ ಮೇಲೆ ಹೆಲ್ಮೆಟ್ಟು, ಸ್ವೆಟರಿನ ಮೇಲೆ ಮಫ್ಲರು ಸುತ್ತಿಕೊಂಡ ತಂದೆ. ವಿಶಾಖಪಟ್ಟಣದ ಚಳಿಗೆ ನಾಯಿ ಕೂಡ ಮುದುರಿಕೊಳ್ಳುವುದಿಲ್ಲ, ಇವರು ಹಿಮಾಲಯಕ್ಕೆ ಹೊರಟವರ ಹಾಗೆ ಹೊರಡುತ್ತಿದ್ದರು. ಅವರ ಸ್ಕೂಟರು ಹಳೆಯದು. ನಿಧಾನ ಹೋದರೆ ಅದರ ದೀಪ ಕಣ್ಣು ಮುಚ್ಚುತ್ತದೆ, ಎಕ್ಸಿಲೇಟರ್ ತಿರುವಿದರೆ ಕಣ್ಣು ಬಿಡುತ್ತದೆ. ಆದ್ದರಿಂದ ಕ್ಲಚ್ ಹಿಡಿದು ಭರ್ರ್, ಭರ್ರ್ ಎನ್ನಿಸುತ್ತ, ಸೈಕಲ್ಲಿನಷ್ಟೇ ನಿಧಾನವಾಗಿ, ಒಂದೂವರೆ ಮೈಲಿಯ ನಿದ್ದೆಯನ್ನೆಲ್ಲ ಕೆಡಿಸುತ್ತ ಈ ಮೆರವಣಿಗೆ ಸಾಗುತ್ತಿತ್ತು. ಕೋಚಿಂಗ್ ಸೆಂಟರಿನ ಗೇಟಿನಲ್ಲಿ ಹುಡುಗಿಯರು ಶ್ರಾವ್ಯಾಗೆ ಸಲ್ಯೂಟ್ ಹೊಡೆದು, "ಮಿನಿಸ್ಟರ್ ಗಾರು ವಚ್ಚಾರು!" ಎಂದು, ಮಂತ್ರಿಗಳೇ ಬಂದರೆಂಬಂತೆ ಸ್ವಾಗತಿಸತೊಡಗಿದರು.

ಮೂರನೆಯ ದಿನ ಶ್ರಾವ್ಯಾ ಮನೆಗೆ ಬಂದು ಚೀಲ ಬಿಸಾಡಿದಳು. ಸಿಟ್ಟು ಬಂದರೆ ಅವಳ ಕನ್ನಡ ಹಿಂದೆ ಸರಿದು ತೆಲುಗಿಗೆ ದಾರಿ ಬಿಡುತ್ತಿತ್ತು. "ಪರುವು ಪೋಯಿಂದಿ ಅಮ್ಮಾ. ಮರ್ಯಾದೆ ಪೂರಾ ಹೋಯ್ತು. ಹೀಗೇ ಅಪ್ಪ ಹಿಂದೆ ಬರ್ತಾ ಇದ್ರೆ ನಾನು ಕ್ಲಾಸೇ ಮಾನೇಸ್ತಾನು. ಬಿಟ್ಟುಬಿಡ್ತೀನಿ."

"ಕೇಳಿದ್ರಾ?" ಎಂದಳು ಹೈಮಾವತಿ. "ಮಗಳ ಓದು ನಿಮ್ಮ ಲೈಟಿನ ಮೇಲೆ ನಿಂತಿದೆ. ಹೋಗಿ ಇವತ್ತೇ ಒಂದು ತನ್ನಿ."

"ಇವತ್ತೇ ತರೋಕೆ ಅದೇನು ಕೊತ್ತಂಬರಿ ಸೊಪ್ಪಾ?" ಎಂದರು ಅಧಿಕಾರಿಗಳು. "ಮೊದಲು ಸ್ಪೆಸಿಫಿಕೇಶನ್ ಆಗಬೇಕು."

ಸ್ಪೆಸಿಫಿಕೇಶನ್ ಆಯಿತು. ಎರಡೂವರೆ ಪುಟ. 'ಸದರಿ ದೀಪವು ಇನ್ನೂರು ಮೀಟರ್ ದೂರದಿಂದ ಸ್ಪಷ್ಟವಾಗಿ ಗೋಚರಿಸತಕ್ಕದ್ದು. ನಿಮಿಷಕ್ಕೆ ಅರವತ್ತು ಸಲಕ್ಕೆ ಕಡಿಮೆ ಇಲ್ಲದಂತೆ ಮಿನುಗತಕ್ಕದ್ದು. ಸಮುದ್ರದ ಉಪ್ಪುಗಾಳಿಗೆ ತುಕ್ಕು ಹಿಡಿಯತಕ್ಕದ್ದಲ್ಲ. ಒಂದು ಮೀಟರ್ ಎತ್ತರದಿಂದ ಬಿದ್ದರೂ ಕೆಡತಕ್ಕದ್ದಲ್ಲ.' ಹೀಗೆ ಹದಿನೇಳು ಷರತ್ತುಗಳು. ಬರೆದು ಮುಗಿಸಿ, ಗಟ್ಟಿಯಾಗಿ ಒಂದು ಸಲ ಓದಿ, ಕಾಫಿ ಕುಡಿದರು.

ಕ್ವಾರ್ಟರ್ಸಿನ ತಿರುವಿನಲ್ಲಿ ಬೇವಿನ ಮರದ ಕೆಳಗೆ ಶಂಕರಪ್ಪ ಎಂಬಾತ ಸೈಕಲ್ ರಿಪೇರಿ ಮಾಡುತ್ತಿದ್ದ. ಬಳ್ಳಾರಿ ಕಡೆಯವನು. ಕನ್ನಡ ಮಾತಾಡುವ ಪಂಕ್ಚರ್ ಅಂಗಡಿ ಎಂದು ಕ್ವಾರ್ಟರ್ಸಿನ ಕನ್ನಡದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಆತ ಎರಡೂವರೆ ಪುಟವನ್ನೂ ಗ್ರೀಸ್ ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ.

"ಇಷ್ಟ್ಯಾಕ ಬರದೀರಿ ಸರ? ಡೈನಮೋ ಹಾಕ್ತೀನಿ. ಗಾಲಿ ತಿರಗಿದಂಗ ಬೆಳಕು ಬರ್ತದ, ದಾರಿ ಕಾಣ್ತದ. ಹತ್ತು ನಿಮಿಷದ ಕೆಲಸ."

"ಬಾಯಿಮಾತು ನಡೆಯಲ್ಲ ಶಂಕರಪ್ಪ. ಸೀಲ್ ಮಾಡಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಬೇಕು."

"ಸೀಲು ಎಲ್ಲಿಂದ ತರ್ಲಿ ಸರ, ಸಲೂಷನ್ ಹಚ್ಚಿ ಅಂಟಿಸಿ ಕೊಡ್ಲ್ಯಾ?"

ಶಂಕರಪ್ಪನನ್ನು 'ತಾಂತ್ರಿಕವಾಗಿ ಅನರ್ಹ' ಎಂದು ಅಲ್ಲೇ ನಿರ್ಧರಿಸಲಾಯಿತು. ಪೂರ್ಣಾ ಮಾರ್ಕೆಟ್ಟಿನ ಇಬ್ಬರು ಅಂಗಡಿಯವರು ಮಾತ್ರ ಇವರ ಕಾಟ ತಡೆಯಲಾರದೆ ಚೀಟಿಯ ಮೇಲೆ ಬೆಲೆ ಗೀಚಿ ಕೊಟ್ಟರು. ಎರಡೇ ಕೊಟೇಶನ್! ಮೂರನೆಯದಿಲ್ಲದೆ ತುಲನಾ ಪಟ್ಟಿ ಹಾಕುವುದು ಹೇಗೆ? ಫೈಲು ಹನ್ನೊಂದು ದಿನ ಟೀವಿಯ ಮೇಲೆ ಮಲಗಿತು. ಹನ್ನೊಂದು ದಿನವೂ ಮೆರವಣಿಗೆ ಭರ್ರ್, ಭರ್ರ್ ಎಂದು ಹೊರಟಿತು. ಶ್ರಾವ್ಯಾ ತಂದೆಯೊಡನೆ ಮಾತು ಬಿಟ್ಟಳು. ಉಪ್ಪಿನಕಾಯಿ ಬೇಕಾದರೂ ತಾಯಿಯ ಮೂಲಕ ಕೇಳುತ್ತಿದ್ದಳು.

ಅಷ್ಟರಲ್ಲಿ ಅಧಿಕಾರಿಗಳಿಗೆ ಗನ್ನವರಂ ಹತ್ತಿರದ ಗೋದಾಮಿನಲ್ಲಿ ಕಾರ್ಖಾನೆಯ ಸರಕು ತಪಾಸಣೆಗೆ ಟೂರ್ ಬಿತ್ತು. ತಪಾಸಣೆ ಬೇಗ ಮುಗಿಸಿ, ಪಕ್ಕದ ವಿಜಯವಾಡದ ಒನ್ ಟೌನಿನ ಸಗಟು ಓಣಿಗಳಲ್ಲಿ ಸ್ಪೆಸಿಫಿಕೇಶನ್ ಹಿಡಿದು ಅಲೆದರು. ಒಬ್ಬ ವ್ಯಾಪಾರಿ ಅದನ್ನು ಪೂರಾ ಓದಿದ. ಓದಿದ ಮೊದಲನೆಯ ಮತ್ತು ಕೊನೆಯ ಮನುಷ್ಯ ಅವನೇ. ಹೆಬ್ಬೆರಳು ಗಾತ್ರದ ಎಲ್‌ಇಡಿ ದೀಪಗಳನ್ನು ಮೇಜಿನ ಮೇಲೆ ಸುರಿದ. ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು, ಎರಡೂ ಪಕಪಕ ಮಿನುಗುತ್ತಿದ್ದವು. ಬೆಲೆ ಪೂರ್ಣಾ ಮಾರ್ಕೆಟ್ಟಿನ ಅರ್ಧ. ಒಂದೇ ಷರತ್ತು, ಡಜನ್ನಿಗೆ ಕಡಿಮೆ ಕೊಡುವುದಿಲ್ಲ.

ವ್ಯಾಪಾರಿ ಪ್ರಾಮಾಣಿಕ. ಕೈಗೆ ಬಂದ ಗಿರಾಕಿಯನ್ನು ಹೆದರಿಸುವಷ್ಟು ಪ್ರಾಮಾಣಿಕ. "ಒಂದು ಮಾತು ಸಾರ್," ಎಂದ. "ಇದು ನಾವು ಬೇರೆಯವರಿಗೆ ಕಾಣಿಸೋಕೆ ಇರೋ ಲೈಟು. ನಮಗೆ ದಾರಿ ಕಾಣೋ ಲೈಟು ಬೇರೆ. ಕತ್ತಲೆ ರಸ್ತೆ ಅಂದ್ರೆ ಅದೇ ತಗೊಳ್ಳಿ, ಸ್ವಲ್ಪ ಜಾಸ್ತಿ ಆಗುತ್ತೆ."

ಮಾರುವವನು ಜಾಸ್ತಿ ಬೆಲೆಯದನ್ನು ತೋರಿಸಿದ ಎಂದರೆ ಟೋಪಿ ಹಾಕುತ್ತಿದ್ದಾನೆಂದೇ ಅರ್ಥ. ಇಪ್ಪತ್ತೆರಡು ವರ್ಷದ ಅನುಭವ ಸುಳ್ಳಾಗುತ್ತದೆಯೇ? ದಕ್ಷಿಣಾಮೂರ್ತಿಯವರು ನಕ್ಕರು. ಎರಡೂವರೆ ಪುಟವನ್ನು ಅವನ ಮುಖದೆದುರು ಅಲ್ಲಾಡಿಸಿದರು. "ಹದಿನೇಳು ಷರತ್ತಿದೆ. ದಾರಿ ಕಾಣಬೇಕು ಅಂತ ಎಲ್ಲಾದರೂ ಬರೆದಿದೆಯಾ ತೋರಿಸಿ."

ಬರೆದಿರಲಿಲ್ಲ. ವ್ಯಾಪಾರಿ ಕೈಮುಗಿದು ಒಂದು ಡಜನ್ ಜೋಡಿ ಕಟ್ಟಿಕೊಟ್ಟ.

"ಹನ್ನೆರಡಾ?" ಎಂದಳು ಹೈಮಾವತಿ ಪೆಟ್ಟಿಗೆ ಬಿಚ್ಚಿ. "ನಮಗಿರೋದು ಒಬ್ಬಳೇ ಮಗಳು."

"ಸ್ಪೇರ್ಸ್."

"ಮಗಳಿಗಾ?"

ಆ ಮಾತನ್ನು ಅಧಿಕಾರಿಗಳು ಕಡತಕ್ಕೆ ಸೇರಿಸಲಿಲ್ಲ.

ಶ್ರಾವ್ಯಾ ಮಾತ್ರ ಹದಿನಾಲ್ಕು ದಿನದ ಮೌನ ಮುರಿದಳು. "ಅಂದ್ರೆ ಅಪ್ಪಾ, ನಾಳೆಯಿಂದ ನೀವು ಬರಲ್ಲ?"

"ನಾಳೆ ಅಲ್ಲ. ನಾಳೆ ಇನ್‌ಸ್ಪೆಕ್ಷನ್. ನಾನೇ ಖುದ್ದಾಗಿ ಆ ರಸ್ತೇಲಿ ತುಳಿದು, ಪಾಸ್ ಮಾಡಿ, ಸಹಿ ಹಾಕಿದ ಮೇಲೆ ಸಾಮಾನು ಬಳಕೆಗೆ."

ಮರುದಿನ ಭಾನುವಾರ. ಬೆಳಗಿನ ಐದೂಕಾಲಿಗೆ, ಮಗಳ ಗುಲಾಬಿ ಬಣ್ಣದ ಲೇಡೀಸ್ ಸೈಕಲ್ಲಿನ ಮೇಲೆ, ಎಂಬತ್ತೆರಡು ಕೆಜಿ ತೂಕದ ಖರೀದಿ ವಿಭಾಗ ಆರೂಢವಾಯಿತು. ಮುಂದೆ ಬಿಳಿ, ಹಿಂದೆ ಕೆಂಪು, ಪಕಪಕ, ಪಕಪಕ. ಲೇಔಟಿನ ರಸ್ತೆಗೆ ಇಳಿದಾಗ ಎದುರಿನಿಂದ ಹಾಲಿನವನ ಎಮ್ಮೆಗಳು ಬರುತ್ತಿದ್ದವು. ದೂರದಲ್ಲೇ ಇವರನ್ನು ಕಂಡು ಅವು ಮರ್ಯಾದೆಯಿಂದ ಪಕ್ಕಕ್ಕೆ ಸರಿದವು. ದಕ್ಷಿಣಾಮೂರ್ತಿಯವರು ಉಬ್ಬಿಹೋದರು. ಎಮ್ಮೆಗೆ ಗೊತ್ತಾಗುತ್ತೆ, ಮನೆಯವಳಿಗೆ ಗೊತ್ತಾಗಲ್ಲ ಎಂದುಕೊಂಡರು.

ಎಮ್ಮೆಗಳಿಗೆ ಇವರು ಕಂಡರು, ನಿಜ. ಇವರಿಗೆ ಏನು ಕಂಡಿತು? ಮೂಗಿನ ಮುಂದೆ ಒಂದು ಬಿಳಿ ಚುಕ್ಕೆ ಮಿನುಗುವುದು ಕಂಡಿತು. ಅದರಾಚೆ ರಸ್ತೆ ಎಂಬುದೊಂದು ಇದೆ ಎಂಬ ನಂಬಿಕೆಯ ಮೇಲೆ ತುಳಿಯುತ್ತಿದ್ದರು. ಹಿಂದಿನ ಸಂಜೆ ಕೇಬಲ್ಲಿಗೆಂದು ಯಾರೋ ಅರ್ಧ ರಸ್ತೆಗೆ ಅಡ್ಡಲಾಗಿ ಒಂದಾಳುದ್ದ ಹೊಂಡ ತೋಡಿ ಹೋಗಿದ್ದರು. ಆ ಹೊಂಡಕ್ಕೆ ದೀಪವಿರಲಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇವರದ್ದು ಮೀಸೆಯೇ ಮೊದಲು ಮಣ್ಣಾಯಿತು. ಆಮೇಲೆ ಮೊಣಕೈ, ಆಮೇಲೆ ಮಂಡಿ, ಕೊನೆಯಲ್ಲಿ ಎಡಪಾದ ವಿಚಿತ್ರವಾಗಿ ತಿರುಚಿಕೊಂಡು, ಅದರ ಮೇಲೆ ಗುಲಾಬಿ ಸೈಕಲ್ಲು. ಒಂದು ಮೀಟರಿಗಿಂತ ಎತ್ತರದಿಂದ ಬಿದ್ದ ಲೈಟು ಮಾತ್ರ ಕೆಡಲಿಲ್ಲ. ಹೊಂಡದೊಳಗಿಂದ ಮೇಲಕ್ಕೆ ಕೆಂಪು ಬಿಳಿ ಚೆಲ್ಲುತ್ತ, ನಿಮಿಷಕ್ಕೆ ಅರವತ್ತು ಸಲಕ್ಕೆ ಕಡಿಮೆ ಇಲ್ಲದಂತೆ ಮಿನುಗುತ್ತಲೇ ಇತ್ತು.

ಐದು ನಿಮಿಷದಲ್ಲಿ ಜನ ಸೇರಿದರು. ಬೀಚ್ ರಸ್ತೆಗೆ ವಾಕಿಂಗ್ ಹೊರಟವರು, ಪೇಪರಿನವನು, ಎಮ್ಮೆ ಬಿಟ್ಟು ಓಡಿಬಂದ ಹಾಲಿನವನು. ಹೊಂಡದ ಅಂಚಿನಲ್ಲಿ ಸುತ್ತಲೂ ತಲೆಗಳು ಮೂಡಿದವು. "ಆಂಬುಲೆನ್ಸ್ ಅನುಕುನ್ನಾಂ ಸಾರ್," ಎಂದನೊಬ್ಬ, ಆಂಬುಲೆನ್ಸ್ ಎಂದುಕೊಂಡು ಬಂದದ್ದಕ್ಕೆ ಸ್ವಲ್ಪ ನಿರಾಶೆಯಿಂದಲೇ.

ಕಾಲು ಮುರಿದವನು ಬೇರೆ ಯಾರಾದರೂ ಆಗಿದ್ದರೆ ಅಮ್ಮಾ ಎನ್ನುತ್ತಿದ್ದ. ನಮ್ಮ ಅಧಿಕಾರಿಗಳು ಹೊಂಡದೊಳಗಿಂದ ಕತ್ತೆತ್ತಿ, ಬಾಯಿಯ ಮಣ್ಣು ಉಗಿದು, "ಎಷ್ಟು ದೂರದಿಂದ ಕಾಣಿಸ್ತು?" ಎಂದು ಕೇಳಿದರು.

"ಆ ನೀರಿನ ಟ್ಯಾಂಕಿನ ಹತ್ತಿರದಿಂದ ಸಾರ್."

ನೀರಿನ ಟ್ಯಾಂಕು ಅಲ್ಲಿಂದ ಇನ್ನೂರೈವತ್ತು ಮೀಟರಿಗೆ ಕಡಿಮೆಯಿಲ್ಲ. ದಕ್ಷಿಣಾಮೂರ್ತಿಯವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು.

ಪಾದದ ಮೂಳೆ ಬಿರುಕು ಬಿಟ್ಟಿತ್ತು. ನಾಲ್ಕು ವಾರ ಪ್ಲಾಸ್ಟರು. ಆಸ್ಪತ್ರೆಯಿಂದ ಬಂದು ಮಂಚದ ಮೇಲೆ ಕಾಲು ಚಾಚಿದಾಗ ಹೈಮಾವತಿ ಫೈಲನ್ನೂ ಪೆನ್ನನ್ನೂ ತಂದು ಎದೆಯ ಮೇಲಿಟ್ಟಳು. "ಇನ್‌ಸ್ಪೆಕ್ಷನ್ ಆಯ್ತಲ್ಲ, ಸಹಿ ಹಾಕಿ. ಬಿದ್ದರೂ ಕೆಡಬಾರದು ಅಂತ ಲೈಟಿಗೆ ಬರೆದ್ರಿ, ಅಧಿಕಾರಿಗೆ ಬರೆಯೋದು ಮರೆತ್ರಿ."

ಅವರು ಸಹಿ ಹಾಕಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಶಂಕರಪ್ಪ ಅದೇ ಸಂಜೆ ಗುಲಾಬಿ ಸೈಕಲ್ಲಿನ ಸೊಟ್ಟ ಚಕ್ರ ತಿದ್ದಿ ಡೈನಮೋ ಹಾಕಿದ. ಹತ್ತು ನಿಮಿಷ ಎಂದಿದ್ದ. ಎಂಟು ನಿಮಿಷ ಹಿಡಿಯಿತು. ಮರುದಿನ ಐದೂಕಾಲಿಗೆ ಶ್ರಾವ್ಯಾ ಒಬ್ಬಳೇ ಹೊರಟಳು. ಕಿಟಕಿಯಿಂದ ನೋಡಿದರೆ ರಸ್ತೆಯ ಮೇಲೆ ಹಳದಿ ಬೆಳಕು ಚಾಪೆ ಹಾಸಿದ ಹಾಗೆ ಅವಳ ಮುಂದೆ ಮುಂದೆ ಹೋಗುತ್ತಿತ್ತು. ಹೊಂಡದ ಹತ್ತಿರ ಅವಳು ಪಕ್ಕಕ್ಕೆ ತಿರುಗಿಸಿಕೊಂಡು ದಾಟಿದ್ದನ್ನು ತಂದೆ ಮಂಚದಿಂದಲೇ ಕಂಡರು. ಎದೆ ಹಗುರಾಯಿತು, ಹೊಟ್ಟೆ ಉರಿಯಿತು. ಯಾವುದು ಮೊದಲು ಎಂದು ಅವರಿಗೇ ಗೊತ್ತಾಗಲಿಲ್ಲ.

ಹನ್ನೆರಡು ಜೋಡಿ ಲೈಟನ್ನು ಹೈಮಾವತಿ ಹಾಲಿನವನಿಗೆ ಕೊಟ್ಟಳು. ಅವನು ಎಮ್ಮೆಗಳ ಕೊರಳಿಗೆ ಕಟ್ಟಿದ. ಇಡೀ ಲೇಔಟಿನಲ್ಲಿ ಇನ್ನೂರು ಮೀಟರ್ ದೂರದಿಂದ ಗೋಚರಿಸುವ ಎಮ್ಮೆಗಳು ಅವನವು ಮಾತ್ರ.

ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ದಿನಾ ಬೆಳಗ್ಗೆ ನಡೆಯಲೇಬೇಕು ಎಂದರು. ಮೊದಲ ದಿನ ದಕ್ಷಿಣಾಮೂರ್ತಿಯವರು ಮಂಕಿಕ್ಯಾಪು ಹಾಕಿ, ಊರುಗೋಲು ಹಿಡಿದು, ಯಾರೂ ಏಳುವ ಮುಂಚೆ ಮುಗಿಸಿ ಬರೋಣವೆಂದು ಕತ್ತಲಲ್ಲೇ ಹೊರಟರು. ಹತ್ತು ಹೆಜ್ಜೆ ಹಾಕಿರಲಿಲ್ಲ, ಹಿಂದಿನಿಂದ ಹಳದಿ ಬೆಳಕು ಬಿತ್ತು. ಶ್ರಾವ್ಯಾ. ಡೈನಮೋ ಕೂಡ ನಿಧಾನವಾದರೆ ಕಣ್ಣು ಮುಚ್ಚುತ್ತದೆ. ಆದ್ದರಿಂದ ಅವಳು ತಂದೆಯ ಸುತ್ತ ಸೈಕಲ್ ಸುತ್ತಿಸುತ್ತ, ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸುತ್ತ ಬರತೊಡಗಿದಳು. ಹಾಲಿನವನು ನಿಂತು ನೋಡಿದ. ವಾಕಿಂಗಿನವರು ನಿಂತು ನೋಡಿದರು. ಕೊರಳಲ್ಲಿ ಮಿನುಗುವ ಎಮ್ಮೆಗಳೂ ನಿಂತು ನೋಡಿದವು. ಕೋಚಿಂಗಿಗೆ ಹೊರಟ ಇಬ್ಬರು ಹುಡುಗಿಯರು ಸೈಕಲ್ಲಿನಿಂದ ಇಳಿದು ದಕ್ಷಿಣಾಮೂರ್ತಿಯವರಿಗೆ ಸಲ್ಯೂಟ್ ಹೊಡೆದರು.

"ಮುಂದೆ ಹೋಗೇ ಮಾರಾಯ್ತಿ," ಎಂದರು ಅವರು ಹಲ್ಲು ಕಚ್ಚಿ. "ಎಲ್ಲರೂ ನೋಡ್ತಾ ಇದಾರೆ. ಮರ್ಯಾದೆ ಹೋಗುತ್ತೆ."

"ಸುಮ್ನೆ ನಡೀರಿ ಅಪ್ಪಾ," ಎಂದು ಶ್ರಾವ್ಯಾ ಇನ್ನೊಂದು ಸುತ್ತು ಹಾಕಿದಳು. "ತಾತ್ಕಾಲಿಕ ವ್ಯವಸ್ಥೆ ಅಷ್ಟೇ. ಈ ಕಂಬಗಳ ಟೆಂಡರ್ ಮುಗಿಯೋವರೆಗೆ."